ಅಮೆರಿಕದ ಹೈಸ್ಕೂಲಿನ ಅಮೆರಿಕನ್ ಸಾಹಿತ್ಯ ತರಗತಿ: ಏನನ್ನು ನಿರೀಕ್ಷಿಸುತ್ತಾರೆ, ಹೇಗೆ ಸಿದ್ಧರಾಗಬೇಕು

ಅಮೆರಿಕದಲ್ಲಿ ಹೈಸ್ಕೂಲು ಎಂದರೆ 9ರಿಂದ 12ನೆಯ ತರಗತಿಯವರೆಗಿನ ನಾಲ್ಕು ವರ್ಷ. ಬಹುಪಾಲು ಶಾಲೆಗಳಲ್ಲಿ ಈ ನಾಲ್ಕೂ ವರ್ಷ ಇಂಗ್ಲಿಷ್ ಓದಲೇಬೇಕು. ಅದರಲ್ಲಿ 11ನೆಯ ತರಗತಿ, ಅಂದರೆ ಜೂನಿಯರ್ ವರ್ಷ, ಸಾಮಾನ್ಯವಾಗಿ ಅಮೆರಿಕನ್ ಸಾಹಿತ್ಯಕ್ಕೆ ಮೀಸಲಾಗಿರುತ್ತದೆ. ಅಪ್ಪನಿಗೋ ಅಮ್ಮನಿಗೋ ಅಲ್ಲಿ ಕೆಲಸ ಸಿಕ್ಕಿ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹತ್ತನೆಯ ತರಗತಿ ಮುಗಿಸಿ ನೇರವಾಗಿ ನ್ಯೂಜೆರ್ಸಿಯ ಅಥವಾ ಟೆಕ್ಸಾಸಿನ ಶಾಲೆಗೆ ಸೇರುವ ಕನ್ನಡದ ಮಕ್ಕಳಿಗೆ ಗಣಿತ, ವಿಜ್ಞಾನಗಳು ಅಷ್ಟಾಗಿ ತೊಡಕಾಗುವುದಿಲ್ಲ. ತೊಡಕಾಗುವುದು ಈ ತರಗತಿ. ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಓದಿ ಬಂದವರೂ ಮೊದಲ ಪ್ರಬಂಧಕ್ಕೆ 'ಸಿ' ಗ್ರೇಡ್ ಬಂದಾಗ ಕಂಗಾಲಾಗುವುದುಂಟು. ನಮ್ಮಲ್ಲಿ ಪಾಠದ ಕೊನೆಯಲ್ಲಿರುವ ಪ್ರಶ್ನೆಗಳಿಗೆ ಗೈಡಿನಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಅದನ್ನು ತಪ್ಪಿಲ್ಲದೆ ಒಪ್ಪಿಸಿದವರಿಗೆ ಅಂಕ ಬರುತ್ತದೆ. ಅಲ್ಲಿ ಕೇಳುವುದು ವಿದ್ಯಾರ್ಥಿ ತಾನೇ ಓದಿ ಕಂಡುಕೊಂಡ ಒಂದು ಮಾತನ್ನು, ಮತ್ತು ಆ ಮಾತಿಗೆ ಪುಸ್ತಕದೊಳಗಿನಿಂದಲೇ ಎತ್ತಿ ತೋರಿಸಿದ ಆಧಾರವನ್ನು. ಮುಂದೆ ವಿವರಿಸುವ ಹೆಜ್ಜೆಗಳೆಲ್ಲ ಈ ಒಂದು ನಿರೀಕ್ಷೆಯನ್ನು ಪೂರೈಸುವುದಕ್ಕಾಗಿಯೇ ಇವೆ.

ದೇಶಕ್ಕೆಲ್ಲ ಒಂದೇ ಪಠ್ಯಪುಸ್ತಕ, ಒಂದೇ ಬೋರ್ಡ್ ಪರೀಕ್ಷೆ ಎಂಬುದು ಅಲ್ಲಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ರಾಜ್ಯ ಒಂದು ಚೌಕಟ್ಟನ್ನು ಹಾಕಿಕೊಡುತ್ತದೆ, ಸ್ಥಳೀಯ ಶಾಲಾ ಆಡಳಿತ ಪುಸ್ತಕಗಳ ಪಟ್ಟಿಗೆ ಒಪ್ಪಿಗೆ ಕೊಡುತ್ತದೆ, ಯಾವ ಕೃತಿಯನ್ನು ಯಾವಾಗ ಹೇಗೆ ಕಲಿಸಬೇಕೆಂಬುದು ಬಹಳಷ್ಟು ಮಟ್ಟಿಗೆ ಆಯಾ ಟೀಚರಿಗೆ ಬಿಟ್ಟದ್ದು. 2010ರಲ್ಲಿ ಹೊರಬಂದು ಅನೇಕ ರಾಜ್ಯಗಳು ಒಪ್ಪಿಕೊಂಡ 'ಕಾಮನ್ ಕೋರ್' ಮಾನದಂಡವು 11 ಮತ್ತು 12ನೆಯ ತರಗತಿಗಳವರು ಹದಿನೆಂಟು, ಹತ್ತೊಂಬತ್ತು ಹಾಗೂ ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕನ್ ಸಾಹಿತ್ಯದ ಬುನಾದಿ ಕೃತಿಗಳನ್ನು ಬಲ್ಲವರಾಗಿರಬೇಕು ಎನ್ನುತ್ತದೆಯೇ ಹೊರತು, ಓದಲೇಬೇಕಾದ ಕಾದಂಬರಿಗಳ ಪಟ್ಟಿಯನ್ನೇನೂ ಕೊಡುವುದಿಲ್ಲ. ಆದ್ದರಿಂದ ಪಕ್ಕದ ಊರಿನ ಶಾಲೆಯಲ್ಲಿ ಓದುವ ಅಣ್ಣನ ನೋಟ್ಸನ್ನು ನಂಬಿಕೊಂಡು ಕೂರುವುದರಿಂದ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಸಿಲಬಸ್ ಹಾಳೆಯನ್ನು ಪೂರ್ತಿ ಓದುವುದು

ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್ ಮೊದಲಲ್ಲೋ ಶಾಲೆ ತೆರೆದ ವಾರವೇ ಟೀಚರ್ ಸಿಲಬಸ್ ಹಂಚುತ್ತಾರೆ. ನಮ್ಮ ಕಡೆ ಸಿಲಬಸ್ ಎಂದರೆ ಪಾಠಗಳ ಪಟ್ಟಿ ಮಾತ್ರ. ಅಲ್ಲಿ ಅದು ಟೀಚರಿಗೂ ವಿದ್ಯಾರ್ಥಿಗೂ ನಡುವಿನ ಕರಾರುಪತ್ರ ಇದ್ದ ಹಾಗೆ. ವಿದ್ಯಾರ್ಥಿಯೂ ಮನೆಯವರೂ ಓದಿ ಸಹಿ ಹಾಕಿ ಹಿಂದಿರುಗಿಸಬೇಕೆಂದು ಅನೇಕ ಶಾಲೆಗಳು ಕೇಳುತ್ತವೆ. ಸಹಿ ಹಾಕುವ ಮುನ್ನ ಅದರಲ್ಲಿ ಗ್ರೇಡನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬ ಭಾಗವನ್ನು ಹುಡುಕಿ ಓದಬೇಕು. ಪ್ರಬಂಧಗಳಿಗೆ ಎಷ್ಟು ಪಾಲು, ಕ್ವಿಜ್‌ಗಳಿಗೆ ಎಷ್ಟು, ತರಗತಿಯ ಚರ್ಚೆಗೆ ಎಷ್ಟು, ಮನೆಗೆಲಸಕ್ಕೆ ಎಷ್ಟು ಎಂಬುದು ಅಲ್ಲಿ ಇರುತ್ತದೆ. ವರ್ಷದ ಕೊನೆಯ ಒಂದು ಪರೀಕ್ಷೆಯಲ್ಲಿ ಎಲ್ಲವನ್ನೂ ಸರಿಮಾಡಿಕೊಳ್ಳುತ್ತೇನೆ ಎಂಬ ನಮ್ಮ ಹಳೆಯ ಧೈರ್ಯ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಸೆಪ್ಟೆಂಬರಿನಲ್ಲಿ ಕೊಡದೆ ಬಿಟ್ಟ ಸಣ್ಣ ಅಸೈನ್‌ಮೆಂಟಿನ ಸೊನ್ನೆಯೂ ಆ ಅವಧಿಯ ಗ್ರೇಡಿನಲ್ಲಿ ಸೇರಿಕೊಂಡೇ ಇರುತ್ತದೆ.

ತಡವಾಗಿ ಕೊಟ್ಟರೆ ಏನಾಗುತ್ತದೆ, ಹುಷಾರಿಲ್ಲದೆ ರಜೆ ಹಾಕಿದರೆ ಬಿಟ್ಟುಹೋದ ಕೆಲಸವನ್ನು ಎಷ್ಟು ದಿನದೊಳಗೆ ಮುಗಿಸಿ ಕೊಡಬೇಕು, ಕಡಿಮೆ ಗ್ರೇಡ್ ಬಂದ ಪ್ರಬಂಧವನ್ನು ತಿದ್ದಿ ಮತ್ತೆ ಕೊಡಲು ಅವಕಾಶ ಇದೆಯೇ ಎಂಬ ಮೂರು ಸಂಗತಿಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ತಾರೀಕನ್ನು ಓದುವಾಗಲೂ ಎಚ್ಚರ ಬೇಕು: ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. 9/10 ಎಂದು ಬೋರ್ಡಿನ ಮೇಲೆ ಬರೆದಿದ್ದರೆ ಅದು ಸೆಪ್ಟೆಂಬರ್ 10, ಅಕ್ಟೋಬರ್ 9 ಅಲ್ಲ. ಗೂಗಲ್ ಕ್ಲಾಸ್‌ರೂಮ್ ಅಥವಾ ಕ್ಯಾನ್ವಾಸ್ ಎಂಬ ಆನ್‌ಲೈನ್ ತಾಣಗಳಲ್ಲಿ ಕೊಡುವ ಕೆಲಸಗಳಿಗೆ ರಾತ್ರಿ 11:59ರ ಗಡುವು ಇರುವುದು ಸಾಮಾನ್ಯ. ಅದನ್ನು ಒಂದು ನಿಮಿಷ ದಾಟಿದರೂ ಕಂಪ್ಯೂಟರು ತಡ ಎಂದೇ ಗುರುತು ಹಾಕುತ್ತದೆ.

ಯಾವ ಮಟ್ಟದ ತರಗತಿಗೆ ಸೇರಬೇಕೆಂಬುದೂ ಈ ಹೊತ್ತಿನಲ್ಲೇ ತೀರ್ಮಾನವಾಗಬೇಕಾದ ವಿಷಯ. ಸಾಮಾನ್ಯ ತರಗತಿ, ಅದಕ್ಕಿಂತ ಕಠಿಣವಾದ ಆನರ್ಸ್ ತರಗತಿ, ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ತರಗತಿ ಎಂಬ ಮೂರು ಹಂತಗಳು ಹೆಚ್ಚಿನ ಶಾಲೆಗಳಲ್ಲಿವೆ. 11ನೆಯ ತರಗತಿಯಲ್ಲಿ ಅನೇಕರು ತೆಗೆದುಕೊಳ್ಳುವ 'ಎಪಿ ಇಂಗ್ಲಿಷ್ ಲ್ಯಾಂಗ್ವೇಜ್' ವಾಸ್ತವದಲ್ಲಿ ಭಾಷಣ, ಲೇಖನ, ಪತ್ರಗಳಂಥ ಗದ್ಯದ ವಾದಕ್ರಮವನ್ನು ಬಿಡಿಸಿ ನೋಡುವ ಕೋರ್ಸು. ಮೇ ತಿಂಗಳಲ್ಲಿ ನಡೆಯುವ ಅದರ ಪರೀಕ್ಷೆಗೆ 1ರಿಂದ 5ರವರೆಗಿನ ಅಂಕ ಕೊಡುತ್ತಾರೆ. ಊರಿನಿಂದ ಬಂದ ಮೊದಲ ವರ್ಷವೇ, ಪರಿಚಯದವರ ಮಗ ತೆಗೆದುಕೊಂಡಿದ್ದಾನೆ ಎಂಬ ಒಂದೇ ಕಾರಣಕ್ಕೆ ಎಪಿಗೆ ಹಾರುವುದು ನನಗೆ ಸರಿ ಕಾಣುವುದಿಲ್ಲ. ಆನರ್ಸ್‌ನಲ್ಲಿ ಒಂದು ವರ್ಷ ಬರವಣಿಗೆ ಕುದುರಿಸಿಕೊಂಡು 12ನೆಯ ತರಗತಿಯಲ್ಲಿ ಎಪಿ ತೆಗೆದುಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ. ಆನರ್ಸ್ ಮತ್ತು ಎಪಿ ತರಗತಿಗಳಿಗೆ ಬೇಸಿಗೆ ರಜೆಯಲ್ಲೇ ಒಂದೆರಡು ಪುಸ್ತಕ ಓದಿ ಬರಲು ಹೇಳಿರುತ್ತಾರೆ. ಜುಲೈಯಲ್ಲಿ ಹೊಸದಾಗಿ ಸೇರಿದವರಿಗೆ ಈ ಸುದ್ದಿ ತಲುಪಿರುವುದೇ ಇಲ್ಲ, ಆದ್ದರಿಂದ ಶಾಲೆಯ ಕೌನ್ಸೆಲರನ್ನು ತಾವಾಗಿಯೇ ಕೇಳಬೇಕು. ಇಂಗ್ಲಿಷ್ ಇನ್ನೂ ಕೈಗೆ ಹತ್ತದ ವಿದ್ಯಾರ್ಥಿಗೆ ಪ್ರತ್ಯೇಕ ನೆರವಿನ ತರಗತಿಗಳಿರುತ್ತವೆ. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ಎರಡನೆಯ ಹೆಜ್ಜೆ: ಸಾಹಿತ್ಯದ ಹಿಂದಿನ ಚರಿತ್ರೆಯನ್ನು ತುಂಬಿಕೊಳ್ಳುವುದು

ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಪ್ಯೂರಿಟನ್ನರು (ಇಂಗ್ಲೆಂಡಿನಿಂದ ಬಂದು ನೆಲೆಸಿದ ಕಟ್ಟುನಿಟ್ಟಿನ ಕ್ರೈಸ್ತರು), ಗುಲಾಮಗಿರಿ, ಅಂತರ್ಯುದ್ಧ ಎಂಬ ಮಾತುಗಳನ್ನು ಐದನೆಯ ತರಗತಿಯಿಂದಲೂ ಕೇಳಿಕೊಂಡು ಬಂದಿರುತ್ತಾರೆ. ನಮ್ಮ ಮಕ್ಕಳು ಮೌರ್ಯರನ್ನೂ ವಿಜಯನಗರವನ್ನೂ ಓದಿ ಬಂದಿರುತ್ತಾರೆ. ಈ ಅಂತರವನ್ನು ತುಂಬಲು ದಪ್ಪ ಪುಸ್ತಕಗಳೇನೂ ಬೇಕಿಲ್ಲ. ಮಧ್ಯಮಶಾಲೆಯ ಒಂದು ಅಮೆರಿಕನ್ ಇತಿಹಾಸದ ಪಠ್ಯಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯದಿಂದ ತಂದು ಓದಿದರೆ ಸಾಕು.

ತರಗತಿಯನ್ನು ಕಾಲಾನುಕ್ರಮದಲ್ಲಿ ನಡೆಸುವ ಟೀಚರಾದರೆ ಮೊದಲು ಪ್ಯೂರಿಟನ್ನರು ಬರುತ್ತಾರೆ: 1650ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆನ್ ಬ್ರ್ಯಾಡ್‌ಸ್ಟ್ರೀಟ್ ಅವರ ಕವಿತೆಗಳು, 1741ರಲ್ಲಿ ಜೊನಾಥನ್ ಎಡ್ವರ್ಡ್ಸ್ ಮಾಡಿದ ನರಕಭಯದ ಪ್ರವಚನ. ಆಮೇಲೆ ಬಾಸ್ಟನ್ನಿನಲ್ಲಿ ಗುಲಾಮಳಾಗಿದ್ದುಕೊಂಡೇ 1773ರಲ್ಲಿ ಕವನ ಸಂಕಲನ ಪ್ರಕಟಿಸಿದ ಫಿಲಿಸ್ ವೀಟ್ಲಿ, ಸ್ವಾತಂತ್ರ್ಯ ಘೋಷಣೆ, 1850ರ ಆಸುಪಾಸಿನ ಹಾಥಾರ್ನ್, ಮೆಲ್ವಿಲ್, ವಿಟ್ಮನ್ ಬರುತ್ತಾರೆ. ಸುಮಾರು 1800 ಕವಿತೆ ಬರೆದೂ ಬದುಕಿದ್ದಾಗ ಹತ್ತರಷ್ಟನ್ನು ಮಾತ್ರ ಅಚ್ಚಿನಲ್ಲಿ ಕಂಡ ಎಮಿಲಿ ಡಿಕಿನ್ಸನ್, 1925ರ 'ದಿ ಗ್ರೇಟ್ ಗ್ಯಾಟ್ಸ್‌ಬಿ', ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಲ್ಯಾಂಗ್‌ಸ್ಟನ್ ಹ್ಯೂಸ್ ಮತ್ತು ಜೋರಾ ನೀಲ್ ಹರ್ಸ್ಟನ್, 1959ರಲ್ಲಿ ರಂಗಕ್ಕೆ ಬಂದ ಲೊರೇನ್ ಹ್ಯಾನ್ಸ್‌ಬೆರಿ ಅವರ ನಾಟಕ ಹೀಗೆ ಸಾಲು ಮುಂದುವರಿಯುತ್ತದೆ. ಎಲ್ಲವನ್ನೂ ಯಾವ ತರಗತಿಯೂ ಮುಗಿಸುವುದಿಲ್ಲ. ಬೈಬಲ್ಲಿನ ಕಥೆಗಳ ಪರಿಚಯ ಇದ್ದರೆ ಮೊದಲ ಇನ್ನೂರು ವರ್ಷದ ಬರವಣಿಗೆ ಅರ್ಧಕ್ಕರ್ಧ ಹಗುರಾಗುತ್ತದೆ. ಆದಾಮ, ಈವ್, ಜೋಬ್, ಮೋಸೆಸ್ ಇವರ ಕಥೆಗಳನ್ನಾದರೂ ಓದಿಕೊಳ್ಳಿ.

ಒಂದು ಕಡೆ ಮಾತ್ರ ನಮ್ಮ ಮಕ್ಕಳಿಗೆ ಮುಂಬಲವಿದೆ. ಲೇಖಕ ಥೋರೋ 1845ರ ಜುಲೈ 4ರಂದು ವಾಲ್ಡನ್ ಕೊಳದ ದಂಡೆಯ ಗುಡಿಸಲಿಗೆ ಹೋಗಿ ಎರಡು ವರ್ಷ ಇದ್ದಾಗ ಭಗವದ್ಗೀತೆ ಓದುತ್ತಿದ್ದ; 1854ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಅದರ ಪ್ರಸ್ತಾಪ ಬರುತ್ತದೆ. ಅವನ ಗೆಳೆಯ ಎಮರ್ಸನ್ 1857ರಲ್ಲಿ 'ಬ್ರಹ್ಮ' ಎಂಬ ಹೆಸರಿನ ಕವಿತೆಯನ್ನೇ ಪ್ರಕಟಿಸಿದ. ಇಲ್ಲಿ ಹೆಮ್ಮೆಯಿಂದ ಕೈ ಎತ್ತಿ 'ಇದು ನಮ್ಮ ಗ್ರಂಥ' ಎಂದು ಹೇಳಿ ಕುಳಿತರೆ ಟೀಚರು ಮುಗುಳ್ನಕ್ಕು ಮುಂದೆ ಹೋಗುತ್ತಾರೆ. ಅದರ ಬದಲು, ಯುದ್ಧಭೂಮಿಯಲ್ಲಿ ನಿಂತವನಿಗೆ ಕರ್ಮವನ್ನು ಬಿಡಬೇಡ ಎಂದ ಗ್ರಂಥವನ್ನು ಊರು ಬಿಟ್ಟು ಕೊಳದ ಬಳಿ ಕುಳಿತವನೊಬ್ಬ ಹೇಗೆ ಓದಿಕೊಂಡ, 1846ರಲ್ಲಿ ತೆರಿಗೆ ಕಟ್ಟದೆ ಒಂದು ರಾತ್ರಿ ಸೆರೆಯಲ್ಲಿದ್ದದ್ದು ಆ ಓದಿಗೆ ಹತ್ತಿರವೋ ದೂರವೋ ಎಂದು ಕೇಳಿದರೆ ಇಡೀ ತರಗತಿ ನಿಮ್ಮ ಕಡೆ ತಿರುಗುತ್ತದೆ. ಟೀಚರು ಬಯಸುವುದು ಈ ಬಗೆಯ ಪ್ರಶ್ನೆಯನ್ನು.

ಮೂರನೆಯ ಹೆಜ್ಜೆ: ಪೆನ್ಸಿಲ್ ಹಿಡಿದು ಓದುವುದು

ಒಂದು ರಾತ್ರಿಗೆ ಇಪ್ಪತ್ತು ಮೂವತ್ತು ಪುಟ ಓದಿ ಬರಲು ಹೇಳುವುದು ಅಪರೂಪವೇನಲ್ಲ. ಓದಿದ್ದೀರೋ ಇಲ್ಲವೋ ಎಂದು ತಿಳಿಯಲು ಮರುದಿನ ಐದೇ ನಿಮಿಷದ ಸಣ್ಣ ಕ್ವಿಜ್ ಇರಬಹುದು, ಅಥವಾ ಪುಸ್ತಕದಲ್ಲಿ ಗುರುತು ಹಾಕಿದ್ದೀರಾ ಎಂದೇ ನೋಡಬಹುದು. ಶಾಲೆಯ ಪುಸ್ತಕದಲ್ಲಿ ಬರೆಯುವ ಹಾಗಿಲ್ಲವಾದ್ದರಿಂದ ಅಂಟುಚೀಟಿ ಬಳಸಬೇಕು. 'ದಿ ಸ್ಕಾರ್ಲೆಟ್ ಲೆಟರ್', 'ಹಕಲ್‌ಬೆರಿ ಫಿನ್', ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್ ಅವರ ಆತ್ಮಕಥೆ, 2021ರಲ್ಲಿ ಹಕ್ಕುಸ್ವಾಮ್ಯ ಮುಗಿದ 'ಗ್ಯಾಟ್ಸ್‌ಬಿ' ಇವು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಪ್ರಬಂಧದಲ್ಲಿ ಪುಟಸಂಖ್ಯೆ ಕೊಡುವಾಗ ತರಗತಿಯ ಪ್ರತಿಯನ್ನೇ ಇಟ್ಟುಕೊಳ್ಳಿ.

ಗುರುತು ಹಾಕುವುದು ಎಂದರೆ ಸಾಲು ಸಾಲಿಗೂ ಹಳದಿ ಬಣ್ಣ ಬಳಿಯುವುದಲ್ಲ. ಒಂದು ಉದಾಹರಣೆ ನೋಡೋಣ. ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯ ಆರನೆಯ ಅಧ್ಯಾಯದಲ್ಲಿ, ಬಾಲ್ಟಿಮೋರಿನ ಹೊಸ ಯಜಮಾನಿ ಬಾಲಕ ಡಗ್ಲಸ್‌ಗೆ ಅಕ್ಷರ ಕಲಿಸಿ ಮೂರು ನಾಲ್ಕು ಅಕ್ಷರದ ಪದಗಳಿಗೆ ಬಂದಿರುತ್ತಾಳೆ. ಆಗ ಅವಳ ಗಂಡ ತಡೆದು, ಓದು ಕಲಿತ ಗುಲಾಮ ಕೆಟ್ಟುಹೋಗುತ್ತಾನೆ, ಅವನನ್ನು ಹಿಡಿದಿಡಲು ಆಗುವುದಿಲ್ಲ ಎಂದು ಹುಡುಗನ ಎದುರೇ ವಿವರಿಸುತ್ತಾನೆ. ಈ ಪುಟದ ಅಂಚಿನಲ್ಲಿ 'ಯಜಮಾನ ಓದು ನಿಲ್ಲಿಸಿದ' ಎಂದು ಬರೆದರೆ ಅದು ಕಥೆಯ ಸಾರಾಂಶವಷ್ಟೇ. 'ತಡೆಯುವವನೇ ಓದಿನ ಬೆಲೆಯನ್ನು ಹೇಳಿಕೊಟ್ಟ' ಎಂದು ಬರೆದರೆ ಅದು ನಿಮ್ಮ ಓದು. ಮುಂದಿನ ಅಧ್ಯಾಯದಲ್ಲಿ ಡಗ್ಲಸ್ ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಬದಲಿಗೆ ಪಾಠ ಹೇಳಿಸಿಕೊಳ್ಳುವ ಪ್ರಸಂಗ ಬಂದಾಗ, ಅಲ್ಲಿ ಹಿಂದಿನ ಪುಟಸಂಖ್ಯೆ ಹಾಕಿ 'ಹಸಿದ ಸ್ವತಂತ್ರ ಹುಡುಗರು, ಬ್ರೆಡ್ ಇರುವ ಗುಲಾಮ. ಇಬ್ಬರಲ್ಲಿ ಯಾರಿಗೆ ಏನು ಕೊರತೆ?' ಎಂದು ಪ್ರಶ್ನೆ ಬರೆಯಿರಿ. ಒಂದು ತಿಂಗಳ ನಂತರ ಪ್ರಬಂಧಕ್ಕೆ ಕುಳಿತಾಗ ಈ ಎರಡು ಟಿಪ್ಪಣಿಗಳೇ ಅರ್ಧ ಕೆಲಸ ಮಾಡಿರುತ್ತವೆ. ಒಂದು ಅಧ್ಯಾಯಕ್ಕೆ ಇಂಥ ನಾಲ್ಕೈದು ಗುರುತು ಸಾಕು.

ಅಂತರ್ಜಾಲದ ಸಾರಾಂಶ ತಾಣಗಳನ್ನು ನೋಡಬಾರದು ಎಂದು ನಾನು ಹೇಳುವುದಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಹಾಥಾರ್ನ್‌ನ ಉದ್ದುದ್ದ ವಾಕ್ಯಗಳಲ್ಲಿ ದಾರಿ ತಪ್ಪಿದಾಗ, ಅಧ್ಯಾಯ ಓದಿ ಮುಗಿಸಿದ ಮೇಲೆ, ತಿಳಿದದ್ದು ಸರಿಯೇ ಎಂದು ನೋಡಿಕೊಳ್ಳಲು ಅವು ಉಪಯೋಗಕ್ಕೆ ಬರುತ್ತವೆ. ಓದುವ ಮೊದಲೇ ನೋಡಿದರೆ ಆ ತಾಣ ಹೇಳಿದ್ದಷ್ಟೇ ನಿಮ್ಮ ಕಣ್ಣಿಗೆ ಬೀಳುತ್ತದೆ. ಟೀಚರುಗಳಿಗೂ ಆ ಸಾರಾಂಶಗಳು ಬಾಯಿಪಾಠವಾಗಿರುತ್ತವೆ, ಕ್ವಿಜ್ ಪ್ರಶ್ನೆಗಳನ್ನು ಅವುಗಳಲ್ಲಿ ಇಲ್ಲದ ಸಣ್ಣ ವಿವರಗಳಿಂದಲೇ ತೆಗೆಯುತ್ತಾರೆ. ಇನ್ನು, 'ಹಕಲ್‌ಬೆರಿ ಫಿನ್' ಕಾದಂಬರಿಯ ಆಡುಮಾತು ಕಣ್ಣಿಗೆ ಒರಟಾಗಿ ಕಂಡರೆ ಗ್ರಂಥಾಲಯದ ಆಡಿಯೊ ಪುಸ್ತಕ ಹಾಕಿಕೊಂಡು ಪುಟದ ಮೇಲೆ ಬೆರಳಿಟ್ಟು ಓದಿ. ಎರಡು ಅಧ್ಯಾಯದೊಳಗೆ ಕಿವಿ ಪಳಗುತ್ತದೆ.

ಇದೇ ಕಾದಂಬರಿಯ ವಿಷಯದಲ್ಲಿ ಹೊಸಬರು ತಪ್ಪದೆ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಒಂದು ಬೈಗುಳ ಅದರಲ್ಲಿ 200ಕ್ಕೂ ಹೆಚ್ಚು ಸಲ ಬರುತ್ತದೆ. ಪುಸ್ತಕದಲ್ಲಿ ಅಚ್ಚಾಗಿದೆ ಎಂಬ ಕಾರಣಕ್ಕೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬಾರದು. ಹಾಡಿನಲ್ಲೋ ಸಿನಿಮಾದಲ್ಲೋ ಕೇಳಿದ್ದೇವೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಆ ಪದ ಬಂದಾಗ ಏನು ಮಾಡಬೇಕೆಂದು ಟೀಚರು ಮೊದಲ ದಿನವೇ ಹೇಳುತ್ತಾರೆ, ಹೇಳದಿದ್ದರೆ ಬಿಟ್ಟು ಓದಿ. ನಮ್ಮೂರಿನ ಜಾತಿಯ ಬೈಗುಳಗಳ ಭಾರ ಎಷ್ಟೆಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನಾಲ್ಕನೆಯ ಹೆಜ್ಜೆ: ಬಾಯಿ ಬಿಡುವುದು

ಸುಮ್ಮನೆ ಕುಳಿತು ಗಮನವಿಟ್ಟು ಕೇಳುವ ಹುಡುಗಿಯನ್ನು ನಮ್ಮಲ್ಲಿ ಒಳ್ಳೆಯ ವಿದ್ಯಾರ್ಥಿನಿ ಎನ್ನುತ್ತೇವೆ. ಅಲ್ಲಿ ಅದೇ ಹುಡುಗಿಯ ಬಗ್ಗೆ 'ತರಗತಿಯಲ್ಲಿ ಭಾಗವಹಿಸುವುದಿಲ್ಲ' ಎಂಬ ಟಿಪ್ಪಣಿ ಮನೆಗೆ ಬರಬಹುದು. ಸಾಕ್ರೆಟಿಕ್ ಸೆಮಿನಾರ್ ಎಂಬ ಚರ್ಚೆಗೆ ಪ್ರಬಂಧದಂತೆಯೇ ಅಂಕಗಳಿರುತ್ತವೆ: ಒಳಗಿನ ವೃತ್ತದಲ್ಲಿ ಕುಳಿತವರು ಪುಸ್ತಕದ ಬಗ್ಗೆ ಮಾತನಾಡುತ್ತಾರೆ, ಹೊರಗಿನ ವೃತ್ತದವರು ಟಿಪ್ಪಣಿ ಮಾಡಿಕೊಳ್ಳುತ್ತಾರೆ, ಅರ್ಧ ಹೊತ್ತಿಗೆ ಜಾಗ ಬದಲಾಗುತ್ತದೆ, ಟೀಚರು ಬಾಯಿ ಹಾಕುವುದಿಲ್ಲ. ಇದಕ್ಕೆ ಹಿಂದಿನ ರಾತ್ರಿಯೇ ಸಿದ್ಧವಾಗಬೇಕು. 'ಹೌದು' 'ಅಲ್ಲ' ಎಂಬ ಒಂದು ಮಾತಿನಲ್ಲಿ ಉತ್ತರ ಮುಗಿಯದ ಎರಡು ಪ್ರಶ್ನೆ, ಗಟ್ಟಿಯಾಗಿ ಓದಿ ತೋರಿಸಬಹುದಾದ ಎರಡು ಭಾಗಗಳ ಪುಟಸಂಖ್ಯೆ, ಇಷ್ಟು ಕೈಯಲ್ಲಿದ್ದರೆ ಮೊದಲ ಐದು ನಿಮಿಷದಲ್ಲೇ ಮಾತಾಡಿಬಿಡಿ. ತಡಮಾಡಿದಷ್ಟೂ ನೀವು ಹೇಳಬೇಕೆಂದಿದ್ದನ್ನು ಬೇರೆಯವರು ಹೇಳಿರುತ್ತಾರೆ. ಆಮೇಲೆ ಇನ್ನೊಬ್ಬರ ಮಾತಿಗೆ ನಿಮ್ಮ ಮಾತನ್ನು ಜೋಡಿಸಬೇಕು. ಮೊದಲು ಮಾತಾಡಿದವರ ಹೆಸರು ಹೇಳಿ, ಅವರ ಮಾತಿನಲ್ಲಿ ಎಷ್ಟನ್ನು ಒಪ್ಪುತ್ತೀರಿ, ಎಲ್ಲಿಂದ ಒಪ್ಪುವುದಿಲ್ಲ ಎಂದು ತಿಳಿಸಿ, ಪುಟ ತೆರೆದು ತೋರಿಸುವುದು ಅಲ್ಲಿನ ರೂಢಿ. ಟೀಚರ ಅಭಿಪ್ರಾಯವನ್ನೇ ಆಧಾರಸಮೇತ ಅಲ್ಲಗಳೆದರೂ ಅವಮರ್ಯಾದೆಯಾಗುವುದಿಲ್ಲ.

ಉಚ್ಚಾರಣೆ ಬೇರೆ ಎಂದು ಹಿಂಜರಿಯುವವರಿಗೆ ಒಂದೇ ಮಾತು: ನಿಧಾನವಾಗಿ ಹೇಳಿ. ಟೀಚರನ್ನು ಸರ್, ಮೇಡಂ ಎನ್ನುವುದಕ್ಕಿಂತ ಮಿಸ್ಟರ್ ಅಥವಾ ಮಿಸ್ ಸೇರಿಸಿ ಮನೆತನದ ಹೆಸರಿನಿಂದ ಕರೆಯಬೇಕು. ಅವರು ಒಳಗೆ ಬಂದಾಗ ಎದ್ದು ನಿಲ್ಲಬೇಕಿಲ್ಲ.

ಐದನೆಯ ಹೆಜ್ಜೆ: ಪ್ರಬಂಧ ಬರೆಯುವುದು

ಗ್ರೇಡಿನ ದೊಡ್ಡ ಪಾಲು ಇಲ್ಲಿದೆ, ನಮ್ಮ ಮಕ್ಕಳು ಎಡವುವುದೂ ಇಲ್ಲೇ. ಆರ್ಥರ್ ಮಿಲ್ಲರ್ 1953ರಲ್ಲಿ ರಂಗಕ್ಕೆ ತಂದ 'ದಿ ಕ್ರೂಸಿಬಲ್' ನಾಟಕವನ್ನು ಬಹಳ ಶಾಲೆಗಳಲ್ಲಿ ಓದಿಸುತ್ತಾರಾದ್ದರಿಂದ ಅದನ್ನೇ ಇಟ್ಟುಕೊಂಡು ನೋಡೋಣ. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ನಡೆದ ವಿಚಾರಣೆಗಳು ಅದರ ವಸ್ತು. ಆಗ 19 ಜನರನ್ನು ಗಲ್ಲಿಗೇರಿಸಲಾಯಿತು. ಮಿಲ್ಲರ್ ಅದನ್ನು ಬರೆದದ್ದು ಕಮ್ಯುನಿಸ್ಟರೆಂಬ ಅನುಮಾನದ ಮೇಲೆ ಜನರನ್ನು ಕರೆಸಿ ಪ್ರಶ್ನಿಸುತ್ತಿದ್ದ ಕಾಲದಲ್ಲಿ.

ಈ ನಾಟಕದಲ್ಲಿ ಸುಳ್ಳಿನ ಪಾತ್ರವೇನು ಎಂದು ಪ್ರಶ್ನೆ ಬಂದಿದೆ ಎನ್ನೋಣ. ಹೊಸಬರು ಮೊದಲು ಬರೆಯುವ ವಾಕ್ಯ ಹೀಗಿರುತ್ತದೆ: 'ದಿ ಕ್ರೂಸಿಬಲ್ ನಾಟಕದಲ್ಲಿ ಸುಳ್ಳು ಅನೇಕ ಜನರ ಜೀವನವನ್ನು ಹಾಳುಮಾಡುತ್ತದೆ.' ಇದನ್ನು ಯಾರೂ ಅಲ್ಲಗಳೆಯಲಾರರು, ಅದೇ ಅದರ ದೋಷ. ಥೀಸಿಸ್ ಎಂದು ಟೀಚರು ಕರೆಯುವ ವಾಕ್ಯದಲ್ಲಿ ಬುದ್ಧಿವಂತ ಓದುಗನೊಬ್ಬ 'ಹಾಗಲ್ಲ' ಎನ್ನಲು ಎಡೆ ಇರಬೇಕು. ಈಗ ಇದನ್ನು ನೋಡಿ: 'ಸೇಲಂನ ನ್ಯಾಯಾಲಯ ಸುಳ್ಳನ್ನು ಹುಡುಕುವ ಜಾಗವಾಗಿರದೆ, ಸುಳ್ಳು ಹೇಳದೆ ಬದುಕಲಾಗದಂಥ ಸ್ಥಿತಿಯನ್ನು ತಾನೇ ಕಟ್ಟುವ ಜಾಗವಾಗಿದೆ.' ಇದನ್ನು ಒಪ್ಪಿಸಲು ನೀವು ವಾದ ಮಾಡಬೇಕಾಗುತ್ತದೆ, ಹಾಗಾಗಿ ಪ್ರಬಂಧಕ್ಕೆ ಕೆಲಸ ಸಿಗುತ್ತದೆ.

ಆಧಾರಕ್ಕೆ ನಾಟಕದ ಮೂರನೆಯ ಅಂಕಕ್ಕೆ ಹೋಗೋಣ. ರೈತ ಜಾನ್ ಪ್ರಾಕ್ಟರ್, ಊರಿನವರ ಮೇಲೆ ಮಾಟದ ಆರೋಪ ಹೊರಿಸುತ್ತಿರುವ ಹುಡುಗಿ ಅಬಿಗೇಲ್ ಜತೆ ತಾನು ವ್ಯಭಿಚಾರ ಮಾಡಿದ್ದೆನೆಂದು ನ್ಯಾಯಾಧೀಶ ಡ್ಯಾನ್‌ಫೋರ್ತ್‌ನ ಮುಂದೆ ಒಪ್ಪಿಕೊಂಡು, ತನ್ನ ಹೆಂಡತಿ ಎಲಿಜಬೆತ್ ಎಂದೂ ಸುಳ್ಳು ಹೇಳುವವಳಲ್ಲ, ಅವಳನ್ನೇ ಕೇಳಿ ಎನ್ನುತ್ತಾನೆ. ಅವಳನ್ನು ಕರೆಸುವ ಮುನ್ನ ಡ್ಯಾನ್‌ಫೋರ್ತ್ ಪ್ರಾಕ್ಟರನಿಗೂ ಅಬಿಗೇಲ್‌ಗೂ ಬೆನ್ನು ತಿರುಗಿಸಿ ನಿಲ್ಲಲು ಆಜ್ಞೆ ಮಾಡುತ್ತಾನೆ. ಒಳಗೆ ಬಂದ ಎಲಿಜಬೆತ್ ಗಂಡನ ಮುಖಕ್ಕಾಗಿ ನೋಡುತ್ತಾಳೆ. ತನ್ನನ್ನು ಮಾತ್ರ ನೋಡಿ ಉತ್ತರಿಸಬೇಕೆಂದು ನ್ಯಾಯಾಧೀಶ ಹೇಳುತ್ತಾನೆ. ಗಂಡ ಆಗಲೇ ಒಪ್ಪಿಕೊಂಡಿರುವುದು ತಿಳಿಯದೆ, ಅವನ ಮಾನ ಉಳಿಸಲು ಅವಳು ಬದುಕಿನ ಒಂದೇ ಸುಳ್ಳು ಹೇಳಿ ಅವನನ್ನು ಸಿಕ್ಕಿಸುತ್ತಾಳೆ. ಇಷ್ಟು ಬರೆದು ನಿಲ್ಲಿಸಿದರೆ ಅದು ಕಥೆ ಹೇಳಿದಂತಾಯಿತು, ಟೀಚರು ಅಂಚಿನಲ್ಲಿ 'ಅದರಿಂದೇನು?' ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಆ ಪ್ರಶ್ನೆಗೆ ಉತ್ತರಿಸುವ ಮೂರು ನಾಲ್ಕು ವಾಕ್ಯಗಳಲ್ಲೇ ಗ್ರೇಡ್ ಇರುವುದು: ಬೆನ್ನು ತಿರುಗಿಸಿದ ಎರಡು ದೇಹಗಳ ನಡುವೆ ನಿಂತ ಸಾಕ್ಷಿಗೆ ಸತ್ಯ ಹೇಳಲು ಬೇಕಾದ ತಿಳಿವಳಿಕೆಯನ್ನೇ ನ್ಯಾಯಾಲಯ ಮುಚ್ಚಿಟ್ಟಿದೆ, ಪ್ರಾಮಾಣಿಕತೆಯನ್ನು ಪರೀಕ್ಷಿಸುವ ಹೆಸರಿನಲ್ಲಿ ಅದು ಊರಿನ ಅತ್ಯಂತ ಪ್ರಾಮಾಣಿಕಳಿಂದ ಸುಳ್ಳು ಹೊರಡಿಸಿದೆ. ಮೊದಲ ಅಂಕದಲ್ಲಿ ಹೊಡೆತ ಮತ್ತು ಗಲ್ಲಿನ ಬೆದರಿಕೆಗೆ ಹೆದರಿ ತಪ್ಪೊಪ್ಪಿಕೊಳ್ಳುವ, ಪಾದ್ರಿಯ ಮನೆಯ ಗುಲಾಮಳಾದ ಟಿಟುಬಾಳ ಸುಳ್ಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮುಂದಿನ ಪ್ಯಾರಾದಲ್ಲಿ ಎತ್ತಿಕೊಳ್ಳಬಹುದು. ನಾಲ್ಕನೆಯ ಅಂಕದಲ್ಲಿ ಪ್ರಾಕ್ಟರ್ ತಪ್ಪೊಪ್ಪಿಗೆಗೆ ಸಹಿ ಮಾಡಿ, ಅದನ್ನು ಚರ್ಚಿನ ಬಾಗಿಲಿಗೆ ಹೊಡೆಯುತ್ತಾರೆಂದಾಗ ಹರಿದು ಹಾಕುತ್ತಾನೆ. ಸುಳ್ಳು ಹೇಳದೆಯೂ ಇರಬಹುದೆಂದು ಈ ದೃಶ್ಯ ನಿಮ್ಮ ಥೀಸಿಸ್ಸಿಗೆ ಎದುರಾಗುತ್ತದಲ್ಲವೇ? ಅದನ್ನು ಅಡಗಿಸಬೇಡಿ. ಹರಿದದ್ದಕ್ಕೆ ಅವನು ತೆತ್ತ ಬೆಲೆ ಪ್ರಾಣ ಎಂಬುದನ್ನು ತೋರಿಸಿ, ವಾದವನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳಿ.

ನಾಟಕವನ್ನು ಇತಿಹಾಸವೆಂದು ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಚರಿತ್ರೆಯ ಅಬಿಗೇಲ್ ಹನ್ನೊಂದು ಹನ್ನೆರಡರ ಬಾಲಕಿ, ಪ್ರಾಕ್ಟರ್ ಅರುವತ್ತರ ಆಸುಪಾಸಿನವನು. ಅಬಿಗೇಲ್‌ಳ ವಯಸ್ಸನ್ನು ಮಿಲ್ಲರ್ ಬೇಕೆಂದೇ ಹೆಚ್ಚಿಸಿದ, ಪ್ರಾಕ್ಟರನ ವಯಸ್ಸನ್ನು ತಗ್ಗಿಸಿದ.

ಬರೆಯುವ ಕ್ರಮದಲ್ಲಿ ಕೆಲವು ಕಟ್ಟುಪಾಡುಗಳಿವೆ. ಕೃತಿಯೊಳಗೆ ನಡೆಯುವುದನ್ನು ವರ್ತಮಾನಕಾಲದಲ್ಲಿ ಬರೆಯಬೇಕು. ಉದ್ಧರಿಸಿದ ಮಾತನ್ನು ಹಾಗೇ ಇಟ್ಟುಬಿಡದೆ ನಿಮ್ಮ ವಾಕ್ಯದೊಳಗೆ ಹೆಣೆಯಬೇಕು, ಅದರ ಹಿಂದೆ ಕಂಸದಲ್ಲಿ ಪುಟಸಂಖ್ಯೆ ಕೊಡಬೇಕು. ಮಾನವಿಕ ವಿಷಯಗಳಿಗೆ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಎಂಬ ಸಂಸ್ಥೆಯ ಶೈಲಿ ಬಳಕೆಯಲ್ಲಿದೆ; ಅದರ ಒಂಬತ್ತನೆಯ ಆವೃತ್ತಿ 2021ರಲ್ಲಿ ಬಂತು. ಎಲ್ಲ ಸಾಲುಗಳಿಗೂ ದುಪ್ಪಟ್ಟು ಅಂತರ, ಎಡಗಡೆ ಮೇಲೆ ನಿಮ್ಮ ಹೆಸರು, ಟೀಚರ ಹೆಸರು, ಕೋರ್ಸಿನ ಹೆಸರು, ತಾರೀಕು ಎಂಬ ನಾಲ್ಕು ಸಾಲು, ಬಲಗಡೆ ಮನೆತನದ ಹೆಸರಿನೊಂದಿಗೆ ಪುಟಸಂಖ್ಯೆ, ಕೊನೆಗೆ ಬಳಸಿದ ಕೃತಿಗಳ ಪಟ್ಟಿ. ಒಂದು ಸಲ ಮಾದರಿ ಕಡತ ಮಾಡಿಟ್ಟುಕೊಂಡರೆ ವರ್ಷವಿಡೀ ನಡೆಯುತ್ತದೆ.

ಪ್ರಬಂಧ ಕೊಡುವಾಗಲೇ ರೂಬ್ರಿಕ್ ಎಂಬ ಕೋಷ್ಟಕವನ್ನೂ ಕೊಡುತ್ತಾರೆ. ವಾದಕ್ಕೆ, ಆಧಾರಕ್ಕೆ, ವಿಶ್ಲೇಷಣೆಗೆ, ಭಾಷೆಗೆ ಎಷ್ಟೆಷ್ಟು ಎಂಬುದು ಅದರಲ್ಲಿರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ಕರಡಿಗೆ ನೀವೇ ಅಂಕ ಹಾಕಿ. ದೊಡ್ಡ ದೊಡ್ಡ ಪದಗಳಿಗೆ ಅಂಕ ಬರುತ್ತದೆ ಎಂಬ ನಂಬಿಕೆಯನ್ನು ಊರಿನಲ್ಲೇ ಬಿಟ್ಟು ಬನ್ನಿ. ಸಹಪಾಠಿ ತಿದ್ದುವ ಕರಡು, ಟೀಚರೊಂದಿಗೆ ಐದು ನಿಮಿಷದ ಮಾತುಕತೆ, ಅಂತಿಮ ಪ್ರತಿ ಎಂದು ಕೆಲಸ ಹಂತಹಂತವಾಗಿ ಸಾಗುತ್ತದೆ, ಆದ್ದರಿಂದ ಹಿಂದಿನ ರಾತ್ರಿ ಕುಳಿತು ಬರೆಯಲು ಸಾಧ್ಯವೇ ಇಲ್ಲದ ಹಾಗೆ ಗಡುವುಗಳಿರುತ್ತವೆ. ಇದರ ಜತೆಗೆ ತರಗತಿಯಲ್ಲೇ ಕುಳಿತು ನಲವತ್ತು ನಿಮಿಷದಲ್ಲಿ ಕೈಬರಹದಲ್ಲಿ ಬರೆಯುವ ಪ್ರಬಂಧಗಳೂ ಇರುತ್ತವೆ.

ಆರನೆಯ ಹೆಜ್ಜೆ: ನಿಮ್ಮ ಬರಹ ನಿಮ್ಮದೇ ಆಗಿರುವುದು

ಇಲ್ಲಿ ಸುತ್ತಿಬಳಸಿ ಹೇಳುವುದು ಬೇಡ. ಬೇರೆಯವರ ವಾಕ್ಯವನ್ನೋ ವಿಚಾರವನ್ನೋ ಮೂಲ ಹೇಳದೆ ತೆಗೆದುಕೊಂಡರೆ ಅದು ಕಳ್ಳತನವೆಂದೇ ಲೆಕ್ಕ. ಪದಗಳನ್ನು ಅಲ್ಲೊಂದು ಇಲ್ಲೊಂದು ಬದಲಿಸಿದರೂ ಅಷ್ಟೇ. ಸಿಕ್ಕಿಬಿದ್ದರೆ ಆ ಪ್ರಬಂಧಕ್ಕೆ ಸೊನ್ನೆ, ಮನೆಗೆ ಫೋನು, ಶಾಲೆಯ ಶಿಸ್ತಿನ ದಾಖಲೆಯಲ್ಲಿ ನಮೂದು. ಟರ್ನಿಟಿನ್‌ನಂಥ ತಂತ್ರಾಂಶಗಳು ಹೋಲಿಕೆಯನ್ನು ಹುಡುಕಿ ಕೊಡುತ್ತವೆ. ಗೂಗಲ್ ಡಾಕ್ಸ್‌ನಲ್ಲಿ ಯಾವ ವಾಕ್ಯ ಯಾವ ಹೊತ್ತಿನಲ್ಲಿ ಬಂತೆಂಬ ಚರಿತ್ರೆಯನ್ನೂ ಟೀಚರು ತೆರೆದು ನೋಡಬಲ್ಲರು. ಚಾಟ್‌ಜಿಪಿಟಿಯಂಥ ಸಾಧನಗಳ ವಿಷಯದಲ್ಲಿ ಶಾಲೆಯಿಂದ ಶಾಲೆಗೆ, ಒಂದೇ ಶಾಲೆಯ ಇಬ್ಬರು ಟೀಚರುಗಳ ನಡುವೆ ಕೂಡ ನಿಯಮ ಬೇರೆ ಇರುತ್ತದೆ. ಅನುಮತಿ ಇದೆ ಎಂದು ಬರಹದಲ್ಲಿ ಕಾಣದಿದ್ದರೆ ಇಲ್ಲವೆಂದೇ ತಿಳಿಯಿರಿ. ಕನ್ನಡದಲ್ಲಿ ಯೋಚಿಸಿ ಯಂತ್ರದಿಂದ ಇಂಗ್ಲಿಷಿಗೆ ತಿರುಗಿಸಿಕೊಳ್ಳುವುದೂ ಇದೇ ನಿಯಮದೊಳಗೆ ಬರಬಹುದು, ಕೇಳಿಕೊಳ್ಳಿ.

ಗೆಳೆಯನಿಗೆ ನೋಟ್ಸ್ ಕೊಡುವುದನ್ನು ನಾವು ಒಳ್ಳೆಯತನವೆಂದು ಕಲಿತವರು. ಚರ್ಚೆಯ ಟಿಪ್ಪಣಿ ಕೊಡಿ, ತಪ್ಪಿಲ್ಲ. ಬರೆದ ಪ್ರಬಂಧವನ್ನು 'ಸುಮ್ಮನೆ ನೋಡಲು' ಕೊಟ್ಟರೆ ಮಾತ್ರ ನಕಲು ಮಾಡಿದವನ ಜತೆ ಕೊಟ್ಟವನಿಗೂ ಶಿಕ್ಷೆಯಾಗುತ್ತದೆ. ತಂದೆತಾಯಿಯರೂ ಟ್ಯೂಷನ್ನಿನವರೂ ಮಗುವಿನ ವಾಕ್ಯವನ್ನು ತಾವೇ ತಿದ್ದಿ ಬರೆಯದೆ, 'ಇದಕ್ಕೆ ಪುಸ್ತಕದಲ್ಲಿ ಆಧಾರ ಎಲ್ಲಿದೆ?' ಎಂದು ಕೇಳುತ್ತಾ ಹೋದರೆ ಅದಕ್ಕಿಂತ ದೊಡ್ಡ ಸಹಾಯ ಬೇಕಿಲ್ಲ.

ಏಳನೆಯ ಹೆಜ್ಜೆ: ಟೀಚರೊಂದಿಗೆ ವ್ಯವಹರಿಸುವುದು

ಗ್ರೇಡುಗಳು ಶಾಲೆಯ ಪೋರ್ಟಲಿನಲ್ಲಿ ವಾರವಾರವೂ ಕಾಣುತ್ತವೆ. ಕಡಿಮೆ ಬಂದಾಗ ಅಪ್ಪ ನೇರವಾಗಿ ಟೀಚರಿಗೆ ಖಾರವಾದ ಇಮೇಲ್ ಹಾಕುವುದಕ್ಕಿಂತ, ವಿದ್ಯಾರ್ಥಿಯೇ ನಾಲ್ಕು ಸಾಲು ಬರೆಯುವುದು ಒಳ್ಳೆಯದು. ತಾನು ಯಾವ ಪೀರಿಯಡ್ಡಿನವನು, ಯಾವ ಪ್ರಬಂಧದ ಬಗ್ಗೆ ಬರೆಯುತ್ತಿದ್ದಾನೆ, ರೂಬ್ರಿಕ್ಕಿನ ಯಾವ ಭಾಗ ಅರ್ಥವಾಗಿಲ್ಲ, ಶಾಲೆ ಬಿಟ್ಟ ಮೇಲೆ ಯಾವ ದಿನ ಬಂದು ಮಾತಾಡಬಹುದು ಎಂದಿದ್ದರೆ ಸಾಕು. ಅಂಕ ಹೆಚ್ಚಿಸಿ ಎಂದು ಕೇಳಬಾರದು. ಮುಂದಿನ ಸಲ ಏನು ಬದಲಿಸಬೇಕು ಎಂದು ಕೇಳಬೇಕು. ಗಡುವು ವಿಸ್ತರಿಸಿಕೊಳ್ಳಬೇಕಿದ್ದರೆ ಅದು ಮುಗಿಯುವ ಮೊದಲು ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ, ಮುಗಿದ ಮೇಲೆ ಕೇಳಿದರೆ ಒಪ್ಪುವವರು ಕಡಿಮೆ. ಯಾವುದಾದರೂ ಪುಸ್ತಕದ ವಸ್ತುವಿನ ಬಗ್ಗೆ ಮನೆಯಲ್ಲಿ ನಿಜವಾಗಿ ಆಕ್ಷೇಪ ಇದ್ದರೆ, ಬದಲಿ ಪುಸ್ತಕ ಕೇಳುವ ಕ್ರಮ ಅನೇಕ ಶಾಲೆಗಳಲ್ಲಿದೆ. ಆದರೆ ಮೊದಲು ಆ ಪುಸ್ತಕವನ್ನು ನೀವೂ ಓದಿ ನೋಡಿ.

ಜೂನಿಯರ್ ವರ್ಷದ ಇಂಗ್ಲಿಷ್ ಟೀಚರೇ ಮುಂದೆ ಕಾಲೇಜು ಅರ್ಜಿಗೆ ಶಿಫಾರಸು ಪತ್ರ ಬರೆಯುವವರಲ್ಲಿ ಒಬ್ಬರಾಗುವುದು ಬಹಳ ಸಾಮಾನ್ಯ. ಇಂಜಿನಿಯರಿಂಗ್‌ಗೆ ಹೋಗುವ ಮಗುವಿಗೆ ಗಣಿತದ ಟೀಚರ ಪತ್ರವೊಂದೇ ಸಾಕೆಂದು ಎಣಿಸಿ ಈ ತರಗತಿಯನ್ನು ಕಡೆಗಣಿಸುವ ಮನೆಗಳಿವೆ. ಅನೇಕ ಕಾಲೇಜುಗಳು ಬೇರೆ ಬೇರೆ ವಿಷಯಗಳ ಇಬ್ಬರು ಟೀಚರುಗಳ ಪತ್ರ ಕೇಳುತ್ತವೆ. 11ನೆಯ ತರಗತಿಯ ಏಪ್ರಿಲ್ ಅಥವಾ ಮೇ ತಿಂಗಳಲ್ಲೇ, ಬೇಸಿಗೆ ರಜೆಗೆ ಮುನ್ನ, ಎದುರಿಗೆ ಹೋಗಿ ಕೇಳಿ. ಅದೇ ವೇಳೆ ವರ್ಷದಲ್ಲಿ ನೀವು ಬರೆದ ಒಂದು ಪ್ರಬಂಧದ ಮೊದಲ ಕರಡು ಹಾಗೂ ಕೊನೆಯ ಪ್ರತಿ ಎರಡನ್ನೂ, ಟೀಚರ ಟಿಪ್ಪಣಿಗಳ ಸಮೇತ, ಅವರಿಗೆ ಕೊಡಿ. ನೂರಕ್ಕೂ ಹೆಚ್ಚು ಮಕ್ಕಳಿಗೆ ಕಲಿಸಿದವರಿಗೆ ನಿಮ್ಮ ಬಗ್ಗೆ ನಿರ್ದಿಷ್ಟವಾಗಿ ಏನಾದರೂ ಬರೆಯಲು ಆ ಎರಡು ಪ್ರತಿಗಳ ನಡುವಿನ ವ್ಯತ್ಯಾಸ ನೆರವಾಗುತ್ತದೆ. ಆದ್ದರಿಂದ ಸೆಪ್ಟೆಂಬರಿನಿಂದಲೇ ಕರಡುಗಳನ್ನು ಎಸೆಯದೆ ಒಂದು ಫೋಲ್ಡರಿನಲ್ಲಿ ತಾರೀಕಿನ ಸಮೇತ ಇಟ್ಟುಕೊಂಡಿರಬೇಕು.